ದೊರೆಗೆ ಕೊಟ್ಟ ಕಾಲು ಮಾತ್ರೆ

ಜನವರಿ 7, ಬೆಳಗ್ಗೆ 6.30

ದೊರೆಗೆ ಇವತ್ತೂ ಸೀನು. ರಟ್ಟಿನ ಡಬ್ಬಕ್ಕೆ ಹಳೇ ಸ್ವೆಟರ್ ಹಾಸಿ, ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕಕ್ಕಿಟ್ಟೆ. ಈ ಚಳಿಗೆ ಮನುಷ್ಯರೇ ಮುದುರಿಹೋಗಿದ್ದೀವಿ, ಬೆಕ್ಕಿನ ಪಾಡೇನು. ಮದುವೆಯಾಗಿ ಬಂದು ಎರಡು ವರ್ಷ. ಇವರ ಮೊದಲ ಹೆಂಡತಿಯ ಮಗಳು ನನ್ನ ಹತ್ತಿರ ಮಾತಾಡೋದು ಬೆಕ್ಕಿನ ವಿಷಯ ಮಾತ್ರ. ಅಷ್ಟಾದರೂ ಇದೆಯಲ್ಲ.

7.45

ದೊರೆಯ ಮೈ ಬಿಸಿ ಅನ್ನಿಸಿತು. ಕಾಲು ಪ್ಯಾರಾಸಿಟಮಾಲ್ ಪುಡಿ ಮಾಡಿ, ಹಾಲಲ್ಲಿ ಕಲಸಿ ಕುಡಿಸಿದೆ. ಮೆಡಿಕಲ್ ಶಾಪಲ್ಲಿ ಹದಿನಾರು ವರ್ಷ ಪಳಗಿದ ಕೈ... ಕಾಲು ಮಾತ್ರೆಗೆ ಯಾರನ್ನು ಕೇಳಬೇಕು? ಹುಡುಗಿ ಸ್ನಾನಕ್ಕೆ ಹೋಗಿದ್ದಳು. ಡ್ಯೂಟಿಗೆ ಹೊರಟೆ.

ಮಧ್ಯಾಹ್ನ 2.10, ಪ್ರಾಣಿ ಆಸ್ಪತ್ರೆ, ಹೊರಗಿನ ಬೆಂಚು

ಬ್ಯಾಗಲ್ಲಿದ್ದ ಡೈರಿ ತೆಗೆದೆ. ಬರೆದರೆ ಮನಸ್ಸು ನಿಲ್ಲಬಹುದು. ಹುಡುಗಿ ಶಾಪಿಗೆ ಫೋನ್ ಮಾಡಿ ಅತ್ತಳು. ಮನೆಗೆ ಓಡಿದೆ. ದೊರೆಯ ಮುಖ ಊದಿತ್ತು. ಒಸಡು ಕಂದು. ಬಾಯಿ ತೆರೆದು ಏದುಸಿರು. ಎತ್ತಿಕೊಂಡು ಇಬ್ಬರೂ ಇಲ್ಲಿಗೆ ಬಂದೆವು.

ಡಾಕ್ಟರಮ್ಮ ಒಸಡು ನೋಡಿದ್ದೇ ಕೇಳಿದರು, "ಮನುಷ್ಯರ ಮಾತ್ರೆ ಏನಾದ್ರೂ ಕೊಟ್ರಾ?"

ಹುಡುಗಿ ನನ್ನ ಮುಖ ನೋಡಿದಳು. ಇಲ್ಲ ಅಂದೆ.

ಯಾಕಂದೆ... ಫೋನಲ್ಲಿ ಈಗ ಹುಡುಕಿ ಓದಿದೆ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಕಾಲು ಮಾತ್ರೆಯೂ ವಿಷ. ಲೋಕಕ್ಕೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ—ಆ ಹಲ್ಲಿ ನಾನೇ. ಒಳಗೆ ಅವರು ಕಾರಣ ಹುಡುಕ್ತಿದ್ದಾರೆ, ನಾನಿಲ್ಲಿ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀನಿ. ಹೇಳಿದರೆ ಈ ಹುಡುಗಿ ಇನ್ನು ಜನ್ಮದಲ್ಲಿ ನನ್ನ ಮುಖ ನೋಡಲ್ಲ. ಹೇಳದಿದ್ದರೆ ದೊರೆ—

3.40

ಹುಡುಗಿ ನೀರಿಗೆ ಹೋದಾಗ ಒಳಗೆ ನುಗ್ಗಿ ಹೇಳಿಬಿಟ್ಟೆ. ಡಾಕ್ಟರಮ್ಮ ಬಯ್ಯಲಿಲ್ಲ. ಎಷ್ಟು ಕೊಟ್ಟಿರಿ, ಎಷ್ಟು ಹೊತ್ತಿಗೆ ಅಂತಷ್ಟೇ ಕೇಳಿದರು. ವಿಷ ಇಳಿಸೋ ಇಂಜೆಕ್ಷನ್ ಅವರ ಹತ್ತಿರ ಮುಗಿದಿತ್ತಂತೆ. ಹೆಸರು ಹೇಳಿದ್ದೇ ತಡ, ನಮ್ಮ ಶಾಪಿನ ಮೂರನೇ ರ‍್ಯಾಕ್ ಕಣ್ಣಮುಂದೆ ಬಂತು. ಓಡಿಹೋಗಿ ತಂದುಕೊಟ್ಟೆ. ಅದೇನು ಅಂತ ಹುಡುಗಿ ಕೇಳಿದಳು. ಉಸಿರಾಟಕ್ಕೆ ಅಂದೆ. ಒಂದು ಸುಳ್ಳಿಗೆ ಇನ್ನೊಂದು.

ಜನವರಿ 10

ಎರಡು ದಿನ ಪೆನ್ನು ಮುಟ್ಟೋಕಾಗಲಿಲ್ಲ. ಫೋನ್ ಬಂದರೆ ಸಾಕು, ಜೀವ ಬಾಯಿಗೆ ಬರ್ತಿತ್ತು. ಇವತ್ತು ದೊರೆ ಆಸ್ಪತ್ರೆಯಲ್ಲಿ ಎರಡು ಚಮಚ ಅನ್ನ ತಿಂದನಂತೆ. ಒಸಡು ಗುಲಾಬಿ ಬಣ್ಣಕ್ಕೆ ತಿರುಗಿದೆ. ಡಾಕ್ಟರಮ್ಮನ ಕೈ ಪರಚಿದನಂತೆ, ಉಪಕಾರಗೇಡಿ. ಬದುಕಿದ.

ಜನವರಿ 12, ಸಂಜೆ

ದೊರೆ ಮನೆಗೆ ಬಂದ. ಹುಡುಗಿ ಅವರಪ್ಪನ ಮುಂದೆ, ಫೋನಲ್ಲಿ ಅಜ್ಜಿ ಹತ್ತಿರ, ಎಲ್ಲರಿಗೂ ಹೇಳೋದು ಒಂದೇ ಮಾತು: ಮದ್ದು ತಂದು ಉಳಿಸಿದ್ದು ಚಿಕ್ಕಮ್ಮ. ಚಿಕ್ಕಮ್ಮ! ಎರಡು ವರ್ಷದಲ್ಲಿ ಮೊದಲ ಸಲ. ಕುಣಿದಾಡಬೇಕಿತ್ತು. ಅಡುಗೆಮನೆಗೆ ಎದ್ದುಹೋದೆ. ಆಸ್ಪತ್ರೆ ಬೆಂಚಿನ ಮೇಲೂ ಇಷ್ಟು ಹೆದರಿರಲಿಲ್ಲ.

"ಮನೇಲಿ ಎಲ್ಲರಿಗೂ ಹೇಳಿ, ಇನ್ನೊಬ್ಬರು ಇದೇ ತಪ್ಪು ಮಾಡಬಾರದು" ಅಂತ ಡಾಕ್ಟರಮ್ಮ ಹೇಳಿ ಕಳಿಸಿದ್ದಾರೆ. ನಾಳೆ ಹೇಳ್ತೀನಿ. ನಾಳೆ ಖಂಡಿತ.

7.20

ಹುಡುಗಿ ಬಾಗಿಲಲ್ಲಿ ನಿಂತಿದ್ದಾಳೆ, ಬೆಕ್ಕನ್ನ ಶಾಲಲ್ಲಿ ಸುತ್ತಿಕೊಂಡು. "ಚಿಕ್ಕಮ್ಮ, ಮತ್ತೆ ಸೀನ್ತಿದ್ದಾನೆ. ಏನಾದ್ರೂ ಕೊಡೋಣ್ವಾ? ನೀವು ಹೇಳಿದ್ದು ಕೊಡ್ತೀನಿ."

ಕಣ್ಣುಮುಚ್ಚಿ ನಂಬಿದ್ದಾಳೆ. ಬಾಯಲ್ಲಿ ಹೇಳೋಕೆ ಹೋದರೆ ಮತ್ತೊಂದು ಸುಳ್ಳೇ ಬರುತ್ತೆ. ಏನು ಬರೀತಿದ್ದೀರಿ ಅಂತ ಕೇಳ್ತಿದ್ದಾಳೆ. ಏಳನೇ ತಾರೀಖಿನ ಪುಟ ತೆಗೆದು, ಓದು ಅಂತ ಅವಳ ಕೈಗೇ ಕೊಡ್ತಿದ್ದೀನಿ.