ನೀಲಿ ಗರಿಯ ಮರಕ್ಕೆ ಹೂ

ತ್ರಾಸಿ
9 ಫೆಬ್ರವರಿ 2012

ಶರ್ಮಿಳಾಳ ಅಪ್ಪಯ್ಯನವರಿಗೆ ವಿನಯಾಳ ನಮಸ್ಕಾರ.

ಈ ವಿಳಾಸ ಕೊಟ್ಟವನು ಗೋಪಿ. ನಾಸಿಕದಿಂದ ಮೊನ್ನೆ ಊರಿಗೆ ಬಂದಿದ್ದ. ನೀವು ಅಲ್ಲೊಂದು ದೊಡ್ಡ ನರ್ಸರಿಯಲ್ಲಿದ್ದೀರಿ, ಸಪೂರ ಆಗಿದ್ದೀರಿ ಎಂದ. ಅವನು ಕೊಟ್ಟ ನಂಬರಿಗೆ ಫೋನ್ ಮಾಡಿದೆ. ಯಾರೋ ಎತ್ತಿ, ನೀವು ಗಿಡಗಳ ಕಡೆ ಹೋಗಿದ್ದೀರಿ ಎಂದರು. ಮತ್ತೆ ಮಾಡಿದಾಗಲೂ ಅದೇ ಮಾತು. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ. ವಾಪಸು ಬನ್ನಿ ಎಂದು ಕೇಳಲು ಅಲ್ಲ. ಮುಂಬಾಗಿಲಿನ ಎದುರು ನೀವು ನೆಟ್ಟ ಮರದ ವಿಷಯಕ್ಕೆ.

ಅದು ಹೂ ಬಿಟ್ಟಿದೆ.

ಸಂಕ್ರಾಂತಿ ಕಳೆದ ಮೇಲೆ ಗರಿಗಳ ಬುಡದಿಂದ ಕಂದು ಬಣ್ಣದ ಗೊನೆಗಳು ಹೊರಬಂದವು. ಮೊದಲು ನೋಡಿದವಳು ಪಕ್ಕದ ಮನೆಯ ಪದ್ದಕ್ಕ. ಬೇಲಿಯ ಆಚೆಯಿಂದಲೇ, ಇದ್ ಶ್ರೀತಾಳಿ ಅಲ್ದಾ ಮಾರಾಯ್ತಿ, ಹೂ ಬಿಟ್ರೆ ಮರ ಸಾಯತ್ತ್, ಒಬ್ಬಂಟಿ ಹೋತಿಲ್ಲೆ, ಮನೆಯರ್ ಒಬ್ರನ್ನ ಕರ್ಕಂಡೇ ಹೋಪ್ದ್ ಅಂದಳು. ಶ್ರೀತಾಳೆ ಹೂ ಬಿಡುವ ಮೊದಲೇ ಕಡಿಸುವ ಪದ್ಧತಿ ನಿಮಗೆ ಗೊತ್ತಲ್ಲ. ನಮ್ಮ ಮರದ ಗರಿಯೂ ಬೀಸಣಿಗೆಯ ಹಾಗೆಯೇ ಇದೆ. ನೀಲಿ ಬಣ್ಣ ಬಿಟ್ಟರೆ ಅವಳ ಕಣ್ಣಿಗೆ ಬೇರೆ ವ್ಯತ್ಯಾಸ ಕಾಣಲಿಲ್ಲ. ನನಗೂ ಆಗ ಹೇಳಲು ಗೊತ್ತಿರಲಿಲ್ಲ.

ಪದ್ದಕ್ಕನ ಮಾತು ನನಗೊಬ್ಬಳಿಗೇ ಕೇಳಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಜಗಲಿಯಲ್ಲಿ ಶರ್ಮಿಳಾ ಕುಳಿತಿದ್ದಳು. ಅವಳಿಗೆ ಈಗ ಎಂಟನೆಯ ತಿಂಗಳು. ಬ್ರಹ್ಮಾವರದಲ್ಲಿ ಸೀಮಂತ ಮುಗಿಸಿ ಹೆರಿಗೆಗೆಂದು ಇಲ್ಲಿಗೆ ಬಂದಿದ್ದಾಳೆ. ಇದು ಎರಡನೆಯ ಬಸಿರು. ಮೊದಲನೆಯದು ಐದನೆಯ ತಿಂಗಳಲ್ಲಿ ಹೋಯಿತು. ಅದು ನಿಮಗೆ ಗೊತ್ತಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಅಂದಿನಿಂದ ಅವಳು ಮುಂಬಾಗಿಲಿನಿಂದ ಹೊರಗೆ ಬರುವುದಿಲ್ಲ. ಹಿತ್ತಲ ಬಾಗಿಲಿನಿಂದ ಬಾವಿಕಟ್ಟೆಗೆ ಹೋಗಿ ಬರುತ್ತಾಳೆ. ಊಟಕ್ಕೆ ಕರೆದರೆ ಬಂದು ಕೂರುತ್ತಾಳೆ, ಅನ್ನ ಕಲಸುತ್ತಾಳೆ, ಉಣ್ಣುವುದಿಲ್ಲ. ಕುಂದಾಪುರದ ಡಾಕ್ಟರು ರಕ್ತದೊತ್ತಡ ಏರಿದೆ, ಹೀಗೇ ಮುಂದುವರಿದರೆ ಮಗುವಿಗೆ ಒಳ್ಳೆಯದಲ್ಲ, ಮನಸ್ಸಿಗೆ ನೆಮ್ಮದಿ ಬೇಕು ಎಂದಿದ್ದಾರೆ. ನೆಮ್ಮದಿ ಎಲ್ಲಿಂದ ತರಬೇಕು ಎಂದು ಅವರನ್ನು ಕೇಳಲಾಗುತ್ತದೆಯೇ?

ನನಗೆ ತೋಚಿದ್ದು ಒಂದೇ, ಮರ ಯಾವುದೆಂದು ಪತ್ತೆ ಮಾಡುವುದು. ಒಂದು ಗರಿಯ ಅರ್ಧ ಸೀಳಿ, ಒಂದು ಹೂಗೊನೆ ಕೊಯ್ದು, ಹಳೆ ಸೀರೆಯಲ್ಲಿ ಸುತ್ತಿ ಬಸ್ ಹತ್ತಿದೆ. ಸೀಳಿದ್ದರೂ ಗರಿ ಸೀಟಿಗೆ ಹಿಡಿಯಲಿಲ್ಲ. ಕಂಡಕ್ಟರು, ಹ್ವಾಯ್ ಅಮ್ಮ, ಇದಕ್ಕೂ ಪೈಂಟ್ ಹೊಡ್ಸಿದ್ರ್ಯಾ, ಎಂತ ಮನೆ ಒಕ್ಕಲಾ ಎಂದು ಕೇಳಿದ. ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ.

ಕುಂದಾಪುರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ವನಜ ಮೇಡಂ ಒಳ್ಳೆಯವರು. ಗರಿಯ ದಂಟಿನ ಮೇಲೆ ಬೆರಳು ಎಳೆದು ತೋರಿಸಿದರು. ಬೂದಿಯಂಥ ಮೇಣ ಬೆರಳಿಗೆ ಅಂಟಿ, ಕೆಳಗೆ ಹಸಿರು ಕಂಡಿತು. ನೀಲಿ ಎಂದು ನಮಗೆ ಕಾಣುವುದು ಆ ಮೇಣವಂತೆ. ದಪ್ಪ ಪುಸ್ತಕವೊಂದನ್ನು ತೆಗೆದು ಚಿತ್ರ ಹುಡುಕಿದರು. ನಮ್ಮ ಅಂಗಳದ ಮರವೇ ಅದರಲ್ಲಿತ್ತು. ಬಿಸ್ಮಾರ್ಕ್ ಪಾಮ್ ಎಂದು ಹೆಸರು, ಮಡಗಾಸ್ಕರ್ ದ್ವೀಪದ್ದು. ಶ್ರೀತಾಳೆಯ ಹೂ ಮರದ ನೆತ್ತಿಯ ಮೇಲೆ ಒಂದೇ ದೊಡ್ಡ ಗೋಪುರದ ಹಾಗೆ ಏಳುತ್ತದೆ, ಅದೂ ಮರ ಮುದಿಯಾದ ಮೇಲೆ, ಅಲ್ಲಿಗೆ ಮುಗಿಯಿತು. ಇದರದು ಗರಿಗಳ ನಡುವಿನಿಂದ ಬರುತ್ತದೆ, ವರ್ಷವರ್ಷವೂ ಬರುತ್ತದೆ, ಮರಕ್ಕೆ ಏನೂ ಆಗುವುದಿಲ್ಲ. ಹಾಗಾದರೆ ಬುಡಸಮೇತ ತೆಗೆದು ಬೇರೆ ಕಡೆ ನೆಡಬಹುದೇ ಎಂದೂ ಕೇಳಿದೆ. ಬೇರು ಕಡಿದರೆ ಈ ಜಾತಿ ಉಳಿಯುವುದು ಕಷ್ಟ ಎಂದರು.

ಹೆಸರು ಸಿಕ್ಕಿತಲ್ಲ ಎಂಬ ಸಂತೋಷದಲ್ಲಿ ಮನೆಗೆ ಬಂದೆ. ಶರ್ಮಿಳಾಳ ಎದುರು ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ, ಆ ಮೇಡಂ ನಮ್ಮ ಮರ ಕಂಡಿದ್ರಾ ಅಮ್ಮ, ನೆಟ್ಟ ಅಪ್ಪಯ್ಯನೇ ಹೇಳ್ಲಿ ಎಂದಳು. ಎದ್ದು ಒಳಗೆ ಹೋದಳು.

ಮಾರನೆಯ ದಿನ ಅವಳೇ, ಕಡಿಸಿಬಿಡು ಎಂದಳು. ಆ ಹೂವಿನಿಂದ ಏನೂ ಆಗುವುದಿಲ್ಲವೆಂದು ಗೊತ್ತಿದ್ದರೂ ಮಗಳಿಗಿಂತ ಮರ ಹೆಚ್ಚಲ್ಲ. ಮರ ಕಡಿಯುವ ಚಂದಯ್ಯನಿಗೆ ಹೇಳಿ ಕಳಿಸಿದೆ. ಕೊಡಲಿ, ಹಗ್ಗ ಹಿಡಿದು ಬಂದ, ಮರಕ್ಕೆ ಒಂದು ಸುತ್ತು ಹಾಕಿದ, ಯಾವ ಕಡೆ ಬೀಳಿಸುವುದೆಂದು ಲೆಕ್ಕ ಹಾಕಿದ. ಅಷ್ಟರಲ್ಲಿ ಕಿಟಕಿಯಲ್ಲಿ ಶರ್ಮಿಳಾಳನ್ನು ಕಂಡ. ಕೊಡಲಿ ಕೆಳಗಿಟ್ಟ. ಬಸ್ರಿ ಇಪ್ಪ ಮನೆಯಗೆ ನಾ ಜೀವ ಇಪ್ಪ ಮರಕ್ಕೆ ಕತ್ತಿ ಹಾಕುದಿಲ್ಲೆ ಅಮ್ಮ, ನೀವ್ ದುಪ್ಪಟ್ಟು ಕೊಟ್ರೂ ಇಲ್ಲೆ, ಹೆರಿಗೆ ಆಯ್ಲಿ ಮತ್ತ್ ಕಾಂಬ ಎಂದ. ಚಾ ಕುಡಿದು ಹೋದ. ಅವನು ಹೇಳಿದ್ದು ಪದ್ದಕ್ಕನಿಗೂ ಸರಿ ಎನಿಸಿತು. ಹೌದೌದ್, ಅದೂ ಮಾಡುಕಾಗ ಎಂದಳು.

ಅಳಿಯನನ್ನು ಕೇಳೋಣವೆಂದರೆ ಬಸುರಿಯ ಗಂಡನೂ ಮರ ಕಡಿಯಬಾರದು. ಪ್ರವೀಣ ಅದನ್ನೆಲ್ಲ ತಪ್ಪದೆ ಪಾಲಿಸುತ್ತಾನೆ. ಕೂದಲು ಕತ್ತರಿಸಿಲ್ಲ, ಗಡ್ಡ ಎದೆಗೆ ಬಂದಿದೆ, ಸಮುದ್ರಕ್ಕೆ ಕಾಲಿಟ್ಟಿಲ್ಲ. ಮೀನು ವ್ಯಾಪಾರದವನು ದೋಣಿ ನಿಲ್ಲುವ ದಕ್ಕೆಯಲ್ಲಿ ನೀರಿನಿಂದ ದೂರ ನಿಂತೇ ಬುಟ್ಟಿ ಇಳಿಸಿಕೊಳ್ಳುವುದನ್ನು ನೋಡಿ ಅವನ ಜೊತೆಯವರು, ಸ್ವಾಮಿಗಳೇ ಆಶೀರ್ವಾದ ಮಾಡಿ, ಬಂಗುಡೆ ಸಿಕ್ಲಿ ಎಂದು ಕಾಲಿಗೆ ಬೀಳುತ್ತಾರಂತೆ. ಶನಿವಾರ ಸಂಜೆ ಬರುತ್ತಾನೆ. ಅವಳ ಹತ್ತಿರ ಕುಳಿತು ಸುಮ್ಮನೆ ಕಾಲು ಒತ್ತುತ್ತಾನೆ. ಮೀನಿನವರ ಮನೆಗೆ ಕೊಡುವುದಿಲ್ಲ ಎಂದು ನೀವು ಹಟ ಹಿಡಿದದ್ದು, ಮದುವೆಗೆ ವಾರ ಇರುವಾಗ ಬ್ಯಾಗು ಹಿಡಿದು ಹೊರಟದ್ದು, ನನ್ನ ಅಣ್ಣ ಧಾರೆ ಎರೆದದ್ದು, ಇದನ್ನೆಲ್ಲ ನಾನು ಇಲ್ಲಿ ಎತ್ತಬಾರದೆಂದುಕೊಂಡಿದ್ದೆ. ಎತ್ತಿದ್ದಾಯಿತು. ಅಳಿಸಿದರೆ ಕಾಗದ ಕೊಳಕಾಗುತ್ತದೆ.

ಕಡಿಯುವ ಹಾಗಿಲ್ಲ, ಬಿಡುವ ಹಾಗಿಲ್ಲ, ಕಿತ್ತು ನೆಡುವ ಹಾಗಿಲ್ಲ. ಹೂಗೊನೆಗಳನ್ನಾದರೂ ಕೊಯ್ದುಬಿಡೋಣವೆಂದು ಏಣಿ ಇಟ್ಟು ನಾನೇ ಹತ್ತಿ ಕೊಯ್ದೆ. ವಾರದೊಳಗೆ ಹೊಸ ಗೊನೆ ಬಂದವು. ಬೆಳಗ್ಗೆ ಬಿಸಿಲು ಬಿದ್ದಾಗ ಗರಿಗಳು ಬೆಳ್ಳಿಯ ಹಾಗೆ ಹೊಳೆಯುತ್ತವೆ, ಹೈವೇಯಲ್ಲಿ ಹೋಗುವವರು ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಇದು ಎಂತ ಮರ ಎಂದು ಕೇಳುತ್ತಾರೆ. ನಾನು ಹೆಸರು ಹೇಳುತ್ತೇನೆ. ಊರಲ್ಲಿ ಎಲ್ಲರಿಗೂ ಈಗ ಆ ಹೆಸರು ಬಾಯಿಪಾಠವಾಗಿದೆ. ಯಾರ ಭಯವೂ ಕಡಿಮೆಯಾಗಲಿಲ್ಲ.

ಈ ಮರವನ್ನು ನೀವು ತಂದ ವರ್ಷ, ತೊಂಬತ್ತೆಂಟರಲ್ಲಿ, ಬೆಂಗಳೂರಿನ ಪ್ರದರ್ಶನದಿಂದ ಇದೊಂದೇ ಗಿಡ ತಂದದ್ದು ಎಂದಿರಿ, ಹೆಸರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ನಿಮಗೆ ಗೊತ್ತಿದ್ದಿರಬೇಕು. ಆದ್ದರಿಂದ ನಿಮ್ಮಲ್ಲಿ ಕೇಳುವುದು ಇಷ್ಟೇ. ಶರ್ಮಿಳಾಗೆ ಒಂದು ಸಾಲು ಬರೆಯಿರಿ. ಇದು ಶ್ರೀತಾಳೆ ಅಲ್ಲ, ನಾನು ನೆಟ್ಟದ್ದು, ಹೆದರಬೇಡ ಎಂದು. ಬೇರೆ ಏನನ್ನೂ ಬರೆಯದಿದ್ದರೂ ಆದೀತು. ನಿಮ್ಮ ಅಕ್ಷರ ಅವಳಿಗೆ ಗುರುತು ಸಿಗುತ್ತದೆ. ಫೋನ್ ಮಾಡುವ ಮನಸ್ಸಾದರೆ ಮನೆಯ ಹಳೆ ನಂಬರೇ ಇದೆ, ಬದಲಾಯಿಸಿಲ್ಲ.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ಅಲ್ಲಿ ಈಗ ಚಳಿ ಎಂದು ಗೋಪಿ ಹೇಳಿದ.

ಇಂತಿ,
ವಿನಯಾ

ಮತ್ತೆ ಸೇರಿಸಿದ್ದು: ಈ ಕಾಗದವನ್ನು ನಿನ್ನೆ ಸಂಜೆಯೇ ಮುಗಿಸಿದ್ದೆ. ಇಂದು ಬೆಳಿಗ್ಗೆ ಅವಳ ಪಾದಗಳು ಊದಿದ್ದನ್ನು ನೋಡಿದೆ. ಅಂಚೆ ನಾಸಿಕಕ್ಕೆ ತಲುಪಿ ಉತ್ತರ ಬರುವವರೆಗೆ ಕಾಯುವ ಧೈರ್ಯ ನನಗೆ ಉಳಿಯಲಿಲ್ಲ. ಅವಳಿಗೆ, ನೀನು ಸ್ನಾನಕ್ಕೆ ಹೋದಾಗ ಅಪ್ಪಯ್ಯನ ಫೋನ್ ಬಂದಿತ್ತು ಎಂದುಬಿಟ್ಟೆ. ವನಜ ಮೇಡಂ ಹೇಳಿದ್ದನ್ನೆಲ್ಲ ನೀವು ಹೇಳಿದಂತೆ ಹೇಳಿದೆ. ಅವಳು ಮರದ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ. ನನ್ನ ಬಗ್ಗೆ ಕೇಂಡ್ರಾ ಎಂದಳು. ಹೌದು ಎಂದೆ. ಎಂತ ಕೇಂಡ್ರ್ ಎಂದಳು. ಎಷ್ಟು ತಿಂಗಳು, ಸರಿಯಾಗಿ ಉಣ್ಣುತ್ತಾಳಾ ಎಂದು ಕೇಳಿದರು ಎಂದೆ. ಮತ್ತೆ ಮಾಡುತ್ತಾರಂತೆ, ನಿನ್ನ ಹತ್ತಿರವೇ ಮಾತಾಡುತ್ತಾರಂತೆ ಎಂದುಬಿಟ್ಟೆ. ಗಂಜಿ ಪೂರ್ತಿ ಉಂಡಳು. ಈಗ ಫೋನಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದಾಳೆ, ಒಳಗೆ ಬಂದು ಮಲಗು ಎಂದರೂ ಏಳುತ್ತಿಲ್ಲ.