ಬೂದು ಪಟ್ಟಿ ಕೊಳೆಯಲ್ಲ

ಸುದೇಷ್ಣಾದೀ,

ಲೈಂಗಿಕ ಆಸೆ ಹುಟ್ಟದ, ಅಲೈಂಗಿಕರಾದ ನಮ್ಮ ಬಳಗದ ಬಾವುಟದಲ್ಲಿ ಕಪ್ಪು, ಬಿಳಿ, ನೇರಳೆಯ ಜೊತೆ, ನನ್ನಂತೆ ಅಪರೂಪಕ್ಕೆ ಆಸೆ ಹುಟ್ಟುವವರ ಬೂದು ಪಟ್ಟಿಯೂ ಇರುತ್ತದೆ ಎಂದು ಮಾತು ಕೊಟ್ಟಿದ್ದಿರಿ. ಮೆರವಣಿಗೆಯಲ್ಲಿ ನನಗೂ ಮೈಕು ಸಿಗುತ್ತದೆ ಎಂದಿದ್ದಿರಿ. ಈಗ ಬಾವುಟದಲ್ಲಿ ಪಟ್ಟಿ ಇಲ್ಲ, ಭಾಷಣದ ಪಟ್ಟಿಯಲ್ಲಿ ನಾನಿಲ್ಲ.

ಬಾವುಟಕ್ಕೆ ನಾನು ಹೊಲಿದ ಬೂದು ಬಟ್ಟೆಯನ್ನು ನಮ್ಮ ಬಳಗದ ಕಾಬೇರಿ ಕೊಳೆಯಾದ ಬಿಳಿ ಎಂದುಕೊಂಡು ಬ್ಲೀಚು ಹಚ್ಚಿ ಉಜ್ಜಿದಳು. ಅದು ಅವಳ ಪೆದ್ದುತನ, ಹೋಗಲಿ. ಆದರೆ ನಾನು ದೂರಿದಾಗ ನೀವು "ಬಿಡೇ, ಈಗ್ಲೇ ಚೆನ್ನಾಗಿ ಕಾಣ್ತಿದೆ" ಎಂದಿರಲ್ಲ, ಅದು ಪೆದ್ದುತನವಲ್ಲ.

ಹೌದು, ಗೆಳತಿ ಬರ್ನಾಲಿಯ ಮೇಲೆ ನನಗೆ ಆಸೆ ಹುಟ್ಟಿತ್ತು. ಅದಕ್ಕೆ ಮುಂಚೆ ಯಾರ ಮೇಲೂ ಹುಟ್ಟಿರಲಿಲ್ಲ, ಆಮೇಲೂ ಹುಟ್ಟಿಲ್ಲ. ಇದನ್ನು ಮುಚ್ಚಿಡದೆ ಹೇಳಿದ್ದಕ್ಕೆ ಕಾಬೇರಿ ತುಂಬಿದ ಸಭೆಯಲ್ಲಿ, "ಇಲಿಶ್‌ನಂಥ ರುಚಿ ಮೀನು ಬಂದಾಗ ಮಾತ್ರ ಮೀನು ತಿನ್ನೋ ಸಸ್ಯಾಹಾರಿ ಕಣ್ರೇ ಇವ್ಳು!" ಎಂದಳು. ನೀವೂ ನಕ್ಕಿರಿ.

ಮನೆಯಲ್ಲಿ ಅಮ್ಮ, "ಒಂದ್ಸಲ ಆಸೆ ಆಯ್ತಲ್ಲ, ಮತ್ತೆ ಆಗತ್ತೆ, ಮದ್ವೆಯಾಗು" ಅನ್ನುತ್ತಾಳೆ. ಇಲ್ಲಿ ನೀವು, "ಒಂದ್ಸಲ ಆಸೆ ಆಯ್ತಲ್ಲ, ನೀನು ನಮ್ಮೋಳಲ್ಲ" ಅನ್ನುತ್ತೀರಿ. ಅಮ್ಮನಿಗೂ ನಿಮಗೂ ಏನು ವ್ಯತ್ಯಾಸ? ಅಪರೂಪಕ್ಕೆ ಆಸೆ ಹುಟ್ಟುವುದೇ ನನ್ನ ಸಹಜ ಸ್ವಭಾವ. ಅದನ್ನು ಉಜ್ಜಿ ಬೆಳ್ಳಗೆ ಮಾಡುವ ಹಕ್ಕು ಯಾರಿಗೂ ಇಲ್ಲ.

ಹೊಸ ಬೂದು ಬಟ್ಟೆ ಕೊಂಡಿದ್ದೇನೆ. ಸೂಜಿ ದಾರವನ್ನೂ ತರುತ್ತೇನೆ. ಬಾವುಟ ಬಿಚ್ಚಿಡಿ, ಕಾಬೇರಿಯನ್ನೂ ಕರೆಯಿರಿ. ಈ ಸಲ ಹೊಲಿಯುವವಳು ಅವಳು.

ನೀವು ಒಪ್ಪಿದರೂ ಒಪ್ಪದಿದ್ದರೂ ಬಳಗದವಳೇ ಆದ,
ಮಧುಜಾ

ಸಭೆ: ಗರಿಯಾಹಾಟ್‌ನ ನಿಮ್ಮ ಮನೆಯಲ್ಲಿ, ಶನಿವಾರ ಸಂಜೆ ಐದು ಗಂಟೆಗೆ.