ಕಂಸದೊಳಗಿನ ನಗು

ಶಾಸಕರ ವಸತಿಗೃಹ,
ಮೂರನೆಯ ಮಹಡಿ.
ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಚಿನಕುರುಳಿಗೆ,

ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ನಾನು ಕ್ಷೇಮ, ನನ್ನ ಮಂಡಿನೋವೂ ಕ್ಷೇಮ. ನಿನ್ನ ಕ್ಷೇಮಸಮಾಚಾರ ದಿನಾ ಪೇಪರಿನಲ್ಲಿ ಬರುತ್ತದೆ, ಅದಕ್ಕೇ ಕೇಳುತ್ತಿಲ್ಲ.

ನಿನ್ನ ಅತ್ತೆ ತೀರಿಹೋದ ಮೇಲೆ ಒಂದು ಕಾಗದ ಬರೆಯಬೇಕು ಅಂತ ಕೂತವನು ಇಷ್ಟು ದಿನ ಬರೆಯಲಿಲ್ಲ. ತಪ್ಪು ತಿಳಿಯಬೇಡ. ಒಂದೇ ಸದನ, ಒಂದೇ ಪಕ್ಷ, ನಡುವೆ ನಾಲ್ಕು ಸಾಲು ಕುರ್ಚಿ, ಅಷ್ಟಕ್ಕೆ ಕಾಗದ ಯಾಕೆ ಮಾವ ಅಂತ ನೀನು ನಗಬಹುದು. ಸದನದಲ್ಲಿ ನಿನ್ನ ಜೊತೆ ಮಾತಾಡಬೇಕಾದರೆ ಸಭಾಧ್ಯಕ್ಷರ ಮೂಲಕ ಮಾತಾಡಬೇಕು. ಕಚೇರಿಗೆ ಬಂದರೆ ನಿನ್ನ ಆಪ್ತ ಕಾರ್ಯದರ್ಶಿಯ ಮೂಲಕ. ಫೋನು ಮಾಡಿದರೆ ನೀನು ಕಾರಿನಲ್ಲಿರುತ್ತೀಯ, ಪಕ್ಕದಲ್ಲಿ ಯಾರೋ ಕೆಮ್ಮುತ್ತಿರುತ್ತಾರೆ. ಆರೋಗ್ಯ ಸಚಿವೆಯ ಕಾರಿನಲ್ಲೇ ಕೆಮ್ಮು ನಿಲ್ಲದಿದ್ದರೆ ಊರಿನ ಗತಿ ಏನು ಅಂತ ನಾನು ಒಳಗೊಳಗೇ ನಗುತ್ತೇನೆ. ಅದಿರಲಿ. ಇದನ್ನು ಒಬ್ಬಳೇ ಕೂತು ಓದು.

ನಿನ್ನ ಮಾವನ ಕೀರ್ತಿ ಇನ್ನೂ ಮಾಸಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದವನು ನಾಲ್ಕು ಸಲ ಗೆದ್ದು ಬಂದಿದ್ದಾನೆ. ಡಾಕ್ಟರೇಟು ಮಾಡಿದವರು ಎದ್ದು ನಿಂತರೆ ವರದಿಗಾರರು ಕಾಫಿಗೆ ಹೋಗುತ್ತಾರೆ. ನಾನು ಎದ್ದರೆ ಹೋದವರೂ ವಾಪಸ್ ಬರುತ್ತಾರೆ. ನೀನು ಸಚಿವೆಯಾದ ದಿನ ಸದನದಲ್ಲಿ ಬಾಯಿತಪ್ಪಿ ನನ್ನನ್ನು 'ಮಾವ' ಅಂದೆಯಲ್ಲ, ಅಂದಿನಿಂದ ವಿರೋಧ ಪಕ್ಷದ ಮುದುಕರೂ ನನ್ನನ್ನು ಮಾವ ಅಂತಲೇ ಕರೆಯುವುದು. ಅಷ್ಟೂ ಜನಕ್ಕೆ ಹೆಣ್ಣು ಕೊಡಲು ನನ್ನ ಹತ್ತಿರ ಹೆಣ್ಣುಮಕ್ಕಳೆಲ್ಲಿ? ಇದ್ದವಳು ನೀನೊಬ್ಬಳೇ. ನೀನೂ ಅಕ್ಕನ ಮಗಳು. ಅಕ್ಕ ಬೇಗ ಹೋದಳು, ನಿನ್ನ ಅತ್ತೆ ನಿನ್ನನ್ನು ಸೊಂಟದ ಮೇಲಿಟ್ಟುಕೊಂಡು ನಮ್ಮ ಮನೆಗೆ ತಂದಳು. ಭಾಷಣ ಮಾಡುವುದನ್ನು ಕಲಿಸಿದ್ದು ನಾನು. ಸುಮ್ಮನಿರುವುದನ್ನು ಕಲಿಸಿದ್ದು ಅವಳು. ಎರಡರಲ್ಲಿ ಯಾವುದು ನಿನಗೆ ಹೆಚ್ಚು ಉಪಯೋಗಕ್ಕೆ ಬಂತೋ ನನಗೆ ಗೊತ್ತಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಮಂಗಳವಾರದ ಪ್ರಶ್ನೋತ್ತರದ ವಿಷಯ.

ನಮ್ಮ ಪಕ್ಷದವರು ನಮ್ಮದೇ ಸಚಿವರಿಗೆ ಕೇಳುವ ಪ್ರಶ್ನೆ ಎಂಥದ್ದು ಅಂತ ನಮ್ಮಿಬ್ಬರಿಗೂ ಗೊತ್ತು. ಸಚಿವರ ಕಚೇರಿಯಲ್ಲೇ ಟೈಪಾಗಿ ಬರುತ್ತದೆ, ನಾವು ಕೆಳಗೆ ಸಹಿ ಗೀಚುತ್ತೇವೆ. ಆಸ್ಪತ್ರೆಗಳಲ್ಲಿ ಹೊಸ ಹಾಸಿಗೆ ಎಷ್ಟು ಬಂದಿವೆ ಅಂತ ನಾನು ಕೇಳುವುದು, ಇಷ್ಟು ಬಂದಿವೆ ಅಂತ ನೀನು ಹೇಳುವುದು, ನಮ್ಮವರು ಮೇಜು ಕುಟ್ಟುವುದು. ನಾನೂ ಎಷ್ಟೋ ಸಲ ಕೇಳಿದ್ದೇನೆ. ಆದರೆ ಈ ಸಲದ್ದು ಯಾರೂ ಟೈಪು ಮಾಡಿಕೊಟ್ಟದ್ದಲ್ಲ. ನಾನೇ ಪೆನ್ಸಿಲ್ ಹಿಡಿದು, ನಾಲಿಗೆ ಕಚ್ಚಿಕೊಂಡು ಬರೆದದ್ದು. (ಅ) ನಮ್ಮ ಊರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರಗಳು ನಡೆಯುತ್ತಿವೆಯೇ? (ಆ) ಸರದಿಯ ದಿನ ಬಂದ ರೋಗಿಗಳನ್ನು ರಕ್ತ ಶುದ್ಧಿ ಮಾಡದೆ ವಾಪಸ್ ಕಳಿಸಿದ್ದುಂಟೇ? (ಇ) ಹಾಗಿದ್ದರೆ ಅವರಲ್ಲಿ ಎಷ್ಟು ಜನ ತೀರಿಕೊಂಡರು?

ಪ್ರಶ್ನೆ ಶಾಖೆಯ ಅಧಿಕಾರಿ ಕಾಗದ ನೋಡಿ ಕನ್ನಡಕ ತೆಗೆದ. "ಸಾರ್, ಇದು ನಿಮ್ಮ ಅಕ್ಕನ ಮಗಳ ಖಾತೆ. ತಪ್ಪಿ ಬಂದಿದೆಯಾ ಅಂತ" ಅಂದ.

"ತಪ್ಪಿ ಬಂದಿಲ್ಲ ಕಣಯ್ಯ. ಮೆಟ್ಟಿಲು ಹತ್ಕೊಂಡು ಬಂದಿದೆ. ನಿಮ್ಮ ಲಿಫ್ಟ್ ಕೆಟ್ಟಿದೆ" ಅಂದೆ.

ಮಾರನೆಯ ದಿನ ಪಕ್ಷದ ಸಚೇತಕ ನನ್ನ ಕೋಣೆಗೇ ಬಂದು ಮಂಚದ ಮೇಲೆ ಕೂತ. "ಮಾವ, ವಾಪಸ್ ತಗೊಂಡ್ಬಿಡಿ. ಮನೆ ಮಾತು ಮನೇಲಿ ಕೇಳಿ."

"ಮನೇಲಿ ಕೇಳೋಣ ಅಂದ್ರೆ ಅವಳು ಮನೇಲಿ ಎಲ್ಲಪ್ಪ ಇರ್ತಾಳೆ? ನೀವು ಬಿಟ್ರೆ ತಾನೆ?"

"ನಿಮಗೆ ಮುಂದಿನ ಸಲ ನಿಗಮದ ಅಧ್ಯಕ್ಷಗಿರಿ ಬರೋ ಹಾಗಿದೆ."

"ಯಾವ ನಿಗಮ? ಮಂಡಿನೋವಿನ ನಿಗಮ ಇದ್ರೆ ಹೇಳು."

ಅವನು ನಗುತ್ತಾ ಎದ್ದು ಹೋದ. ನನ್ನ ಹತ್ತಿರ ಬಂದವರೆಲ್ಲ ನಗುತ್ತಲೇ ಎದ್ದು ಹೋಗುತ್ತಾರೆ. ಅದು ನನ್ನ ಭಾಗ್ಯ ಅಂತ ಬಹಳ ಕಾಲ ಜಂಬಪಟ್ಟಿದ್ದೆ.

ಆಮೇಲೆ ನಿನ್ನ ಫೋನು ಬಂತು. "ಏನ್ ಮಾವ, ನನ್ನೇ ಕಟಕಟೆಗೆ ನಿಲ್ಲಿಸ್ತೀರಾ?" ಅಂದೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಧಿಕಾರಿಗಳು ಎಲ್ಲ ಸರಿಯಾಗಿದೆ ಅಂತಿದ್ದಾರೆ. ಕೇಳಿ ಪರವಾಗಿಲ್ಲ, ಉತ್ತರ ಚೆನ್ನಾಗಿದೆ" ಅಂದೆ. ಉತ್ತರ ಚೆನ್ನಾಗಿದೆ ಅನ್ನುವುದೇ ನನ್ನ ಚಿಂತೆ ಅಂತ ಹೇಳಬೇಕೆನ್ನುವಷ್ಟರಲ್ಲಿ ಪಕ್ಕದವನು ಕೆಮ್ಮಿದ.

ಉತ್ತರ ಅಚ್ಚಾಗಿ ಬಂತು. (ಅ) ನಡೆಯುತ್ತಿವೆ. (ಆ) ಇಲ್ಲ. (ಇ) ಉದ್ಭವಿಸುವುದಿಲ್ಲ.

ನಿನ್ನ ಮೇಲೆ ಆಣೆ ಇಟ್ಟು ಹೇಳುತ್ತೇನೆ, ನೀನು ಬೇಕಂತಲೇ ಸುಳ್ಳು ಹೇಳಿದೆ ಅಂತ ನಾನು ಒಂದು ಕ್ಷಣವೂ ಅಂದುಕೊಂಡಿಲ್ಲ. ಆ ಉತ್ತರ ಹೇಗೆ ತಯಾರಾಗುತ್ತದೆ ಅಂತ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಂಡವನು ನಾನು. ಅಲ್ಲಿ ಇರುವುದು ಎರಡು ಯಂತ್ರ. ಒಂದು ಕೆಟ್ಟು ಮೂಲೆ ಸೇರಿದೆ. ಇನ್ನೊಂದಕ್ಕೆ ಏನೂ ಆಗಿಲ್ಲ, ಆದರೆ ನಡೆಸುವ ಟೆಕ್ನಿಷಿಯನ್‌ನನ್ನು ಪಕ್ಕದ ಊರಿಗೂ ಹಂಚಿದ್ದಾರೆ. ಅವನು ಬಂದ ದಿನ ಯಂತ್ರ ಏಳುತ್ತದೆ, ಬಾರದ ದಿನ ಇಲ್ಲ. ಬೆಳಿಗ್ಗೆ ಬಂದು ಕೂತ ರೋಗಿಗೆ ಮಧ್ಯಾಹ್ನ ನರ್ಸು ಬಂದು "ಇವತ್ತಾಗಲ್ಲಮ್ಮ, ಬುಧವಾರ ಬನ್ನಿ" ಅನ್ನುತ್ತಾಳೆ. ಇದನ್ನು ವಾಪಸ್ ಕಳಿಸಿದರು ಅಂತ ಯಾರೂ ಬರೆಯುವುದಿಲ್ಲ. 'ದಿನಾಂಕ ಮುಂದೂಡಲಾಗಿದೆ' ಅಂತ ಬರೆಯುತ್ತಾರೆ. ಮುಂದೂಡಿದ ದಿನಕ್ಕೆ ಮೊದಲೇ ಮನೆಯಲ್ಲಿ ಕಣ್ಣು ಮುಚ್ಚಿದರೆ ಅದು ಆಸ್ಪತ್ರೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಯಾರ ಕೈಗೂ ಕೊಳೆ ಹತ್ತದೆ ಕಾಗದ ನಿನ್ನ ಮೇಜಿಗೆ ಬಂತು. ನೀನು ಸಹಿ ಹಾಕಿದೆ.

ಸದನದಲ್ಲಿ ನನ್ನ ಸಂಖ್ಯೆ ಕರೆದರು. ನಾನು ಎದ್ದ ಕೂಡಲೇ ಆ ಕಡೆಯವರು ಈ ಕಡೆಯವರು ಎಲ್ಲರೂ ಮುಂದಕ್ಕೆ ಸರಿದು ಕೂತರು, ಮಾವ ಇವತ್ತು ಏನು ಬಿಡ್ತಾರೋ ನೋಡೋಣ ಅಂತ. ನೀನು ಉತ್ತರ ಮಂಡಿಸಿದ್ದೇನೆ ಅಂದೆ. ಸಭಾಧ್ಯಕ್ಷರು ಒಂದೇ ಉಪಪ್ರಶ್ನೆ ಅಂದರು. ಅದನ್ನು ನಾನು ರಾತ್ರಿಯೆಲ್ಲ ಗಟ್ಟಿ ಮಾಡಿದ್ದೆ. ನಗೆಮಾತು ಬೇಡ, ನೆಟ್ಟಗೆ ಕೇಳಿ ಕೂರಬೇಕು ಅಂತಲೇ ಎದ್ದಿದ್ದೆ. ಆದರೆ ನನ್ನ ನಾಲಿಗೆಗೆ ಇರುವುದು ಒಂದೇ ನಡಿಗೆ, ಪುಟ್ಟ. ಮದುವೆಯಲ್ಲೂ ಅದೇ, ಮಸಣದಲ್ಲೂ ಅದೇ.

"ಅಧ್ಯಕ್ಷರೇ, ಯಂತ್ರ ನಡೀತಿದೆ ಅಂತ ಮಾನ್ಯ ಸಚಿವರು ಹೇಳ್ತಾರೆ. ನಾನು ಕಣ್ಣಾರೆ ನೋಡ್ದಾಗ ಅದು ಹೊದ್ಕೊಂಡು ಮಲಗಿತ್ತು. ಮೇಲೆ ಒಗೆದ ಬೆಡ್‌ಶೀಟು ಪೇರಿಸಿಟ್ಟಿದ್ರು. ರೋಗಿಗಳು ಬೆಂಚಿನ ಮೇಲೆ ಕೂತು ಅದು ಏಳೋದನ್ನ ಕಾಯ್ತಿದ್ರು."

ಮೊದಲು ನಾನು ಹೇಳಿದ್ದು ಇಷ್ಟೇ. 'ಹೊದ್ಕೊಂಡು ಮಲಗಿತ್ತು' ಅಂದ ಕೂಡಲೇ ಸಭೆ ಬಿದ್ದು ಬಿದ್ದು ನಕ್ಕಿತು. ವಿರೋಧ ಪಕ್ಷದ ಸಾಲಿನಿಂದ ಒಬ್ಬ "ಎಬ್ಬಿಸ್ಬೇಡಿ ಮಾವ, ಪಾಪ, ಸುಸ್ತಾಗಿರುತ್ತೆ" ಅಂದ. ಸಭಾಧ್ಯಕ್ಷರ ಹೊಟ್ಟೆ ಕುಣಿಯುತ್ತಿತ್ತು. ಹಾಗೆ ಕಾದು ಕಾದು ಮನೆಗೆ ಹೋಗಿ ಸತ್ತವರನ್ನು ಸಚಿವರು ಯಾವ ಲೆಕ್ಕಕ್ಕೆ ಸೇರಿಸಿದ್ದಾರೆ ಅಂತ ನಾನು ಕೇಳಿದೆ. ಕೇಳಿದ್ದು ನಿಜ. ನನ್ನ ಪಕ್ಕದಲ್ಲಿ ಕೂತವನಿಗೂ ಕೇಳಿಸಲಿಲ್ಲ.

ನೀನೂ ನಕ್ಕೆ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಚಿಕ್ಕಂದಿನಲ್ಲಿ ನಗುತ್ತಿದ್ದ ಹಾಗೇ ನಕ್ಕೆ. ಆಮೇಲೆ ಎದ್ದು, "ಮಾನ್ಯ ಸದಸ್ಯರ ಹಾಸ್ಯಕ್ಕೆ ಧನ್ಯವಾದ, ಯಂತ್ರವನ್ನು ಎಚ್ಚರಿಸಲು ಸೂಚನೆ ಕೊಡುತ್ತೇನೆ" ಅಂದೆ. ಇನ್ನೊಂದು ಸುತ್ತು ನಗು. ಸಭಾಧ್ಯಕ್ಷರು ಕಣ್ಣೊರೆಸಿಕೊಂಡು ಮುಂದಿನ ಪ್ರಶ್ನೆ ಅಂದರು. ಅದು ಬಸ್ ನಿಲ್ದಾಣದ ಚಾವಣಿಯ ಪ್ರಶ್ನೆ. ನಾನು ಇನ್ನೂ ನಿಂತೇ ಇದ್ದೆ. ಹಿಂದಿನವರು ಅಂಗಿ ಜಗ್ಗಿ ಕೂರಿಸಿದರು.

ಹೊರಗಿನ ಪಡಸಾಲೆಯಲ್ಲಿ ಸಿಕ್ಕವರೆಲ್ಲ ಬೆನ್ನು ತಟ್ಟಿದರು. "ಬಹಳ ದಿನ ಆಗಿತ್ತು ಮಾವ, ಹೀಗೆ ನಕ್ಕು." ನಾನೂ ಹಲ್ಲು ಕಿರಿದೆ. ಬೇರೆ ಏನು ಮಾಡಲಿ, ಹೇಳು. ನೀನು ಸಂಜೆ ಫೋನು ಮಾಡಿ "ಮಾವ, ಅತ್ತೆ ಹೋದ್ಮೇಲೆ ಮತ್ತೆ ನಿಮ್ಮ ಹಳೇ ವರಸೆ ನೋಡಿ ಖುಷಿಯಾಯ್ತು" ಅಂದೆ. ನಾನು "ಊಟ ಆಯ್ತಾ" ಅಂತ ಕೇಳಿ ಇಟ್ಟೆ.

ನಡಾವಳಿಯ ಪ್ರತಿ ಇವತ್ತು ಕೈಗೆ ಬಂತು. ನನ್ನ ಮಾತೆಲ್ಲ ಅಚ್ಚುಕಟ್ಟಾಗಿ ಬಂದಿದೆ, ವ್ಯಾಕರಣವನ್ನೂ ತಿದ್ದಿದ್ದಾರೆ. ಕೊನೆಯಲ್ಲಿ ಕಂಸದೊಳಗೆ 'ನಗು' ಅಂತ ಹಾಕಿದ್ದಾರೆ. ಸತ್ತವರ ಪ್ರಶ್ನೆ ಇಲ್ಲವೇ ಇಲ್ಲ. ಸದನದ ಮಾತು ಬರೆದುಕೊಳ್ಳುವ ವರದಿಗಾರರ ತಪ್ಪಲ್ಲ, ಅವರಿಗೆ ಕೇಳಿಸಿದ್ದು ನಗುವೇ. ನಾನು ಸತ್ತು, ನೀನು ಮುದುಕಿಯಾಗಿ, ಆ ಕಟ್ಟಡವೇ ಬಿದ್ದುಹೋದರೂ ಆ ಪುಟದಲ್ಲಿ ನಮ್ಮ ಊರಿನಲ್ಲಿ ಯಾರೂ ವಾಪಸ್ ಹೋಗಲಿಲ್ಲ, ಯಾರೂ ಸಾಯಲಿಲ್ಲ, ಎಲ್ಲರೂ ನಕ್ಕರು ಅಂತಲೇ ಇರುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ. ಸಚಿವರು ತಾವು ಕೊಟ್ಟ ಉತ್ತರ ತಪ್ಪು ಅಂತ ಗೊತ್ತಾದರೆ ಸದನಕ್ಕೆ ತಾವೇ ಬಂದು ತಿದ್ದಿ ಹೇಳುವ ಪದ್ಧತಿ ಇದೆ. ಸಭಾಧ್ಯಕ್ಷರಿಗೆ ಮೊದಲೇ ಒಂದು ಸೂಚನೆ ಕೊಟ್ಟರೆ ಸಾಕು, ಪ್ರಶ್ನೋತ್ತರ ಮುಗಿದ ಮೇಲೆ ಕರೆಯುತ್ತಾರೆ. ಎರಡು ನಿಮಿಷದ ಕೆಲಸ. ನಾನು ಮೊದಲ ಸಲ ಗೆದ್ದಾಗ ನೀರಾವರಿ ಸಚಿವರಾಗಿದ್ದ ಮುದುಕರೊಬ್ಬರು ಹಾಗೆ ಎದ್ದು ನಿಂತು, ನಾನು ಹೋದ ವಾರ ಕೊಟ್ಟ ಅಂಕಿ ಸರಿಯಿಲ್ಲ, ನನ್ನನ್ನು ಕ್ಷಮಿಸಬೇಕು ಅಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಎರಡೂ ಕಡೆಯವರು ಮೇಜು ಕುಟ್ಟಿದರು. ಮುಂದಿನ ಸಂಪುಟದಲ್ಲಿ ಅವರ ಹೆಸರಿರಲಿಲ್ಲ. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ನಿನ್ನ ಕುರ್ಚಿ ಹೋಗಬಹುದು. ಅದಕ್ಕಾಗಿ ನೀನು ಪಟ್ಟ ಪಾಡು ನನಗೆ ಗೊತ್ತು. ಬೂತುಬೂತು ಸುತ್ತುವಾಗ ನಿನ್ನ ಚಪ್ಪಲಿ ಹೊಲಿಸಿಕೊಟ್ಟವನು ನಾನೇ.

ಅಧಿವೇಶನ ಮುಗಿಯಲು ಇನ್ನೊಂದು ವಾರ ಇದೆ. ನೀನು ತಿದ್ದದಿದ್ದರೆ, ಸಚಿವೆ ಸದನದ ದಾರಿ ತಪ್ಪಿಸಿದರು ಅಂತ ಕಡೆಯ ದಿನ ನಾನೇ ಹಕ್ಕುಚ್ಯುತಿ ಸೂಚನೆ ಕೊಡುತ್ತೇನೆ. ಇದು ಬೆದರಿಕೆಯಲ್ಲ ಮಗಳೇ. ಮೊದಲೇ ಹೇಳಿದರೆ ನಿನಗೆ ದಾರಿ ಇರುತ್ತದೆ ಅಂತ. ಆವತ್ತು ಯಾರೂ ನಗದ ಹಾಗೆ ಮಾತಾಡಬೇಕು. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ. ಕನ್ನಡಿಯಲ್ಲಿರುವ ಮುದುಕನಿಗೇ ನಗು ಬರುತ್ತದೆ, ಏನು ಮಾಡಲಿ.

ಸಕ್ಕರೆ ಕಡಿಮೆ ಹಾಕಿಕೋ. ಓದುವಾಗ ಕನ್ನಡಕ ಹಾಕಿಕೋ, ಕ್ಯಾಮರಾ ಇದೆ ಅಂತ ತೆಗೆಯಬೇಡ. ಬಹಳ ದಿನ ಬಾಳು, ಬಹಳ ದೊಡ್ಡವಳಾಗು. ಕುರ್ಚಿ ಇದ್ದರೂ ಇಲ್ಲದಿದ್ದರೂ ನಮ್ಮ ಮನೆಯ ಬಾಗಿಲು ನಿನಗೆ ಯಾರ ಮೂಲಕವೂ ಅಲ್ಲ, ನೇರವಾಗಿಯೇ ತೆರೆದಿರುತ್ತದೆ.

ಇಂತು ನಿನ್ನ ಏಳಿಗೆ ಬಯಸುವ,
ಮಾವ

ಮರೆತಿದ್ದು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಅತ್ತೆ ನಿದ್ದೆಯಲ್ಲೇ ಹೋದಳು ಅಂತ ನಿನಗೆ ಹೇಳಿದ್ದೆ. ಅದು ನಿಜ. ಆದರೆ ಅದಕ್ಕೆ ಮೂರು ದಿನ ಮೊದಲು ಅವಳ ಡಯಾಲಿಸಿಸ್ ಸರದಿಗೆ ಅಂತ ನಾವಿಬ್ಬರೂ ಆ ಬೆಂಚಿನ ಮೇಲಿದ್ದೆವು, ಟೆಕ್ನಿಷಿಯನ್ ಬಂದಿರಲಿಲ್ಲ. ಎದುರಿನ ಗೋಡೆಯ ಟಿವಿಯಲ್ಲಿ ಹಿಂದಿನ ಅಧಿವೇಶನ ಬರುತ್ತಿತ್ತು. ನೀನು ಕಾಣಿಸಿಕೊಂಡಾಗ ಅವಳು ಬೆಂಚಿನವರಿಗೆಲ್ಲ "ನಮ್ಮ ಹುಡುಗಿ, ನನ್ನ ಕೈಯಲ್ಲೇ ಬೆಳೆದದ್ದು" ಅಂದಳು. ಯಾರೋ ಕೇಳಿದ ಪ್ರಶ್ನೆಗೆ ನೀನು, ಎಲ್ಲ ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ನಿಲ್ಲದೆ ನಡೆಯುತ್ತಿದೆ, ಒಬ್ಬ ರೋಗಿಯನ್ನೂ ವಾಪಸ್ ಕಳಿಸಿಲ್ಲ ಅಂದೆ. ಆಗ ಬೆಂಚಿನವರು ಟಿವಿ ನೋಡುವುದನ್ನು ಬಿಟ್ಟು ನಿನ್ನ ಅತ್ತೆಯನ್ನು ನೋಡಿದರು. ಗಂಡನನ್ನು ಕರೆತಂದಿದ್ದ ಒಬ್ಬ ಹೆಂಗಸು, ಸಿಟ್ಟಿಲ್ಲದೆ, "ಅಮ್ಮಾ, ಹಾಗಾದ್ರೆ ನಿಮ್ಮ ಹುಡುಗಿಗೆ ಒಂದು ಮಾತು ಹೇಳ್ತೀರಾ" ಅಂದಳು. ಅತ್ತೆ ಕೈಚೀಲ ಎತ್ತಿಕೊಂಡು ಎದ್ದಳು. ದಾರಿಯಲ್ಲಿ ನಾನು ಫೋನು ತೆಗೆದರೆ ಕೈ ಹಿಡಿದಳು. "ಬೇಡ ರೀ. ಅಷ್ಟು ಜನರ ಮುಂದೆ ಹೇಳಿದ ಮಾತು. ಮನೆಯವರೇ ಸುಳ್ಳು ಮಾಡಬಾರದು" ಅಂದಳು. ಮುಂದಿನ ಸರದಿಗೆ ಹೊರಡು ಅಂದರೆ, "ಆ ಬೆಂಚಿನ ಮೇಲೆ ಯಾವ ಮುಖ ಇಟ್ಕೊಂಡು ಕೂರ್ಲಿ" ಅಂದು ಗೋಡೆಯ ಕಡೆ ತಿರುಗಿ ಮಲಗಿದಳು. ಆ ಹೆಂಗಸು ಆಮೇಲೆ ಮಾತಾಡಿಸಲು ಮನೆಗೆ ಬಂದಿದ್ದಳು. ಅವಳು ಹೋಗದೆ ಉಳಿದ ಆ ಸರದಿಯ ದಿನ ಟೆಕ್ನಿಷಿಯನ್ ಬಂದಿದ್ದನಂತೆ. ನಿನ್ನ ಅತ್ತೆಯ ಹೆಸರನ್ನು ಎರಡು ಸಲ ಕೂಗಿದರಂತೆ.